ಆಗುಂಬೆ ಘಾಟಿ ಇಳಿಯುವಾಗ ಮಾತ್ರ ಪವರ್ ಸ್ಟೀರಿಂಗ್ ಕೈಕೊಡುತ್ತಿದೆ, ಕಾಲಮ್ ಬದಲಿಸಲೇಬೇಕಾ?

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಏನಾದರೂ ಬಿಟ್ಟರೆ ನೀವು ಮತ್ತೆ ಅದನ್ನೇ ಕೇಳುತ್ತೀರಿ, ಅದಕ್ಕೇ.

ಕಾರು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ, ಬೈಯುವುದಕ್ಕೆ ಬಂದಿಲ್ಲ ನಾನು. ಮಾವ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತೆಗೆದುಕೊಂಡ ಗಾಡಿ, ಹಾಗಾಗಿ ಮಾರುವ ಮಾತು ಮನೆಯಲ್ಲಿ ಎತ್ತುವ ಹಾಗಿಲ್ಲ. ಈಗ ಓಡಿಸುವುದು ಹೆಚ್ಚಾಗಿ ನಾನೇ. ಯಜಮಾನರು ಬೆಂಗಳೂರಲ್ಲಿದ್ದಾರೆ, ವಾರದ ಕೊನೆಗೆ ಬರುತ್ತಾರೆ.

ಅತ್ತೆಯವರ ಕಣ್ಣಿಗೆ ಮಣಿಪಾಲದಲ್ಲಿ ಚಿಕಿತ್ಸೆ ನಡೆಯುತ್ತಿದೆ. ಬೇಗ ಚೀಟಿ ಸಿಗಲಿ ಅಂತ ಬೆಳಗಿನ ಜಾವ ಕತ್ತಲಲ್ಲೇ ಹೊರಡುತ್ತೇವೆ. ಮಳೆ ಹಿಡಿದ ಮೇಲೆ ತೊಂದರೆ ಶುರುವಾಗಿದೆ. ಆಗುಂಬೆ ಘಾಟಿ ಇಳಿಯುವಾಗ, ಹೇರ್‌ಪಿನ್ ತಿರುವಿನ ಮಧ್ಯದಲ್ಲಿ, ಸ್ಟೀರಿಂಗ್ ಒಮ್ಮೆಗೇ ಬಿಗಿಯಾಗಿಬಿಡುತ್ತದೆ. ಆಚೆ ಕಡೆಯಿಂದ ಯಾರೋ ಹಿಡಿದು ಎಳೆದ ಹಾಗೆ. ಮೀಟರಿನಲ್ಲಿ ಹಳದಿ ಸ್ಟೀರಿಂಗ್ ಗುರುತು ಹತ್ತಿಕೊಳ್ಳುತ್ತದೆ. ಮೊದಲ ಸಲ ಆದಾಗ ಕೆಳಗಿನಿಂದ ಬಸ್ಸು ಬರುತ್ತಿತ್ತು. ಎರಡೂ ಕೈ ಹಾಕಿ, ಸೀಟಿನಿಂದ ಅರ್ಧ ಎದ್ದು ತಿರುಗಿಸಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ಪುಣ್ಯ. ಉಳಿದ ತಿರುವುಗಳನ್ನೆಲ್ಲ ಹಾಗೇ ತೋಳಿನ ಬಲದಲ್ಲಿ ಇಳಿಸಿ, ಸೋಮೇಶ್ವರದಲ್ಲಿ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಆಗಿಲ್ಲ ಅನ್ನುವಂತೆ ಸರಿಯಾಯಿತು!

ವಿಚಿತ್ರ ಏನೆಂದರೆ ಸಂಜೆ ಅದೇ ಘಾಟಿ ಹತ್ತಿ ಬರುವಾಗ ಒಂದು ಸಲವೂ ಹೀಗಾಗಿಲ್ಲ. ಅದೇ 14 ತಿರುವು, ಅದೇ ಮಳೆ. ಊರೊಳಗೆ ಹಗಲಲ್ಲಿ ಶಾಲೆಗೆ ಹೋಗಿ ಬರುವಾಗ, ಪಾರ್ಕ್ ಮಾಡುವಾಗ ಬೆಣ್ಣೆ. ಇಳಿಯುವಾಗ ಮಾತ್ರ, ಅದೂ ಪ್ರತಿ ಸಲ ಅಲ್ಲ.

ಸರ್ವಿಸ್ ಸೆಂಟರಿಗೆ ಹೋದೆ. ಹತ್ತು ನಿಮಿಷ ನೋಡಿದರು. ಮೋಟಾರ್ ಸಮೇತ ಇಡೀ ಸ್ಟೀರಿಂಗ್ ಕಾಲಮ್ (ಸ್ಟೀರಿಂಗ್ ಚಕ್ರದಿಂದ ಕೆಳಗೆ ಇಳಿಯುವ ರಾಡು, ಅದರ ಕೊಳವೆ) ಬದಲಿಸಬೇಕು, 34,000 ರೂಪಾಯಿ, ಕೂಲಿ ಬೇರೆ, ಪಾರ್ಟ್ ಬರುವುದಕ್ಕೂ ಟೈಮ್ ಹಿಡಿಯುತ್ತದೆ ಎಂದರು. ನಮ್ಮೂರಿನ ಮೆಕ್ಯಾನಿಕ್ ಬ್ಯಾಟರಿ ಅಂದ. ಬ್ಯಾಟರಿ ಹೋದ ವರ್ಷ ತಾನೇ ಹೊಸದು ಹಾಕಿಸಿದ್ದು. ಯಜಮಾನರು ಫೋನಿನಲ್ಲಿ "ಮಾರಿಬಿಡೋಣ" ಅಂದರು, ಮಾವ ಕೇಳಿಸಿಕೊಂಡು ಊಟಕ್ಕೇ ಬರಲಿಲ್ಲ.

ಕಾಲಮ್ ಬದಲಿಸಲೇಬೇಕಾ? ಗುಜರಿಯಿಂದ ಹಳೆಯದು ತಂದು ಹಾಕಿಸಬಹುದಾ? ಅಲ್ಲಿಯವರೆಗೆ ಓಡಿಸಿದರೆ ಅಪಾಯವಾ? ಗೊತ್ತಿದ್ದವರು ಹೇಳಿ.

ದಾವಣಗೆರೆ ಡೀಸೆಲ್

ಮೇಡಂ, ಮೊದಲು ಬಾನೆಟ್ ಎತ್ತಿ ಪವರ್ ಸ್ಟೀರಿಂಗ್ ಆಯಿಲ್ ನೋಡಿ. ನನ್ನದು ಹಳೇ ಏಳು ಸೀಟಿನ ಡೀಸೆಲ್ ಗಾಡಿ. ಸ್ಟೀರಿಂಗ್ ಬಿಗಿ ಆಯಿತು ಅಂದರೆ ಇಲ್ಲಿ ನೂರಕ್ಕೆ ತೊಂಬತ್ತು ಸಲ ಆಯಿಲ್ಲೇ ಕಾರಣ.

ಆಯಿಲ್ ಡಬ್ಬಿಯಲ್ಲಿ ಮಟ್ಟ ಕಡಿಮೆ ಇದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಸುಮ್ನೆ ತುಂಬಿಸುತ್ತಾ ಹೋಗಬೇಡಿ, ಸೋರುವ ಜಾಗ ಹುಡುಕಿ. ರ‍್ಯಾಕ್‌ನ (ಮುಂದಿನ ಚಕ್ರಗಳನ್ನು ತಿರುಗಿಸುವ ಅಡ್ಡ ಸರಳು) ಎರಡೂ ತುದಿಯಲ್ಲಿ ರಬ್ಬರ್ ಬೂಟ್ ಇರುತ್ತದಲ್ಲ, ಅದನ್ನು ಒತ್ತಿ ನೋಡಿ. ಒಳಗೆ ಆಯಿಲ್ ತುಂಬಿಕೊಂಡು ಮೆತ್ತಗಿದ್ದರೆ ರ‍್ಯಾಕ್ ಸೀಲ್ ಹೋಗಿದೆ. ಆಯಿಲ್ ನೊರೆನೊರೆ ಇದ್ದರೆ ಗಾಳಿ ಸೇರಿದೆ. ಪೂರ್ತಿ ತಿರುಗಿಸಿದಾಗ ಪಂಪು ಕುಂಯ್ ಅಂತ ಕೂಗುತ್ತದೆ. ಗಾಳಿ ತೆಗೆಯಬೇಕು ಅಂದರೆ ಮುಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಿ, ಎಂಜಿನ್ ಆಫ್ ಇಟ್ಟುಕೊಂಡೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನಕ್ಕೆ ತಿರುಗಿಸುತ್ತಾ, ಮಟ್ಟ ಇಳಿದ ಹಾಗೆಲ್ಲ ತುಂಬಿಸಬೇಕು. ಗುಳ್ಳೆ ನಿಂತ ಮೇಲೆ ಸ್ಟಾರ್ಟ್.

ಮಳೆಯಲ್ಲಿ ಮಾತ್ರ ಬಿಗಿ ಅಂದರೆ ಬೆಲ್ಟ್ ನೋಡಿ. ಒದ್ದೆಯಾಗಿ ಜಾರುತ್ತದೆ.

ಇನ್ನೊಂದು. ಯಾರಾದರೂ "ಬ್ರೇಕ್ ಆಯಿಲ್ಲೇ ಹಾಕಿ, ಎರಡೂ ಒಂದೇ" ಅಂದರೆ ಕೇಳಬೇಡಿ. ನನ್ನ ಗಾಡಿಗೆ ಒಬ್ಬ ಹಾಗೆ ಹಾಕಿ ಸೀಲ್‌ಗಳೆಲ್ಲ ಹಾಳಾದವು. ಉಲ್ಟಾ ಆದರೆ ಇನ್ನೂ ಕೆಟ್ಟದ್ದು. ಸ್ಟೀರಿಂಗ್ ಆಯಿಲ್ ಬ್ರೇಕಿಗೆ ಹೋದರೆ ಬ್ರೇಕಿನ ರಬ್ಬರ್‌ಗಳು ಊದಿಕೊಂಡು ಬ್ರೇಕೇ ಹಿಡಿಯುವುದಿಲ್ಲ. ಹ್ಯಾಂಡ್‌ಬುಕ್ಕಿನಲ್ಲಿ ಯಾವ ಆಯಿಲ್ ಅಂತ ಬರೆದಿದೆಯೋ ಅದೇ ಹಾಕಿ.

ತೀರ್ಥಹಳ್ಳಿ ಟೀಚರ್

ಸರ್, ಥ್ಯಾಂಕ್ಸ್. ಆದರೆ ಬಾನೆಟ್ ಒಳಗೆ ಎಷ್ಟು ಹುಡುಕಿದರೂ ಸ್ಟೀರಿಂಗ್ ಆಯಿಲ್ ಡಬ್ಬಿ ಕಾಣಲಿಲ್ಲ. ಬ್ರೇಕಿನದ್ದು, ಕೂಲಂಟ್, ವೈಪರ್ ನೀರು, ಅಷ್ಟೇ. ಹ್ಯಾಂಡ್‌ಬುಕ್ಕಿನಲ್ಲಿ "ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್" ಅಂತಿದೆ. ಮೋಟಾರ್ ಡ್ಯಾಶ್‌ಬೋರ್ಡ್ ಕೆಳಗೆ, ಕಾಲಿನ ಹತ್ತಿರ, ಸ್ಟೀರಿಂಗ್ ರಾಡಿಗೇ ಅಂಟಿಕೊಂಡ ಹಾಗೆ ಇದೆ.

ಹುಬ್ಬಳ್ಳಿ ವೈರಿಂಗ್

ಟೀಚರ್ ಅಕ್ಕಾರ, ನಮಸ್ಕಾರ್ರೀ. ಆಟೋ ಎಲೆಕ್ಟ್ರಿಷಿಯನ್ ನಾನು. ದಾವಣಗೆರೆ ಅಣ್ಣ ಹೇಳಿದ್ದು ಆಯಿಲ್ ಗಾಡಿಗೆ ಸರಿ. ನಿಮ್ಮದು ಕರೆಂಟಿನ ಗಾಡಿ. ಇದರಲ್ಲಿ ಪಂಪೂ ಇಲ್ಲ, ಆಯಿಲ್ಲೂ ಇಲ್ಲ. (ಕಾಲಮ್ ಮೇಲೆ ಮೋಟಾರ್ ಕೂರಿಸುವ ಈ ಪದ್ಧತಿ ಮೊದಲು ಬಂದದ್ದು 1988ರಲ್ಲಿ, ಜಪಾನಿನ ಸುಜುಕಿ ಸೆರ್ವೊ ಅನ್ನುವ ಪುಟಾಣಿ ಕಾರಿನಲ್ಲಿ. ಸಣ್ಣ ಎಂಜಿನ್ನಿಗೆ ಸದಾ ತಿರುಗುವ ಪಂಪು ಭಾರ. ಮೋಟಾರಾದರೆ ನೀವು ತಿರುಗಿಸಿದಾಗ ಮಾತ್ರ ಕರೆಂಟ್ ತಿನ್ನುತ್ತದೆ.)

ನೀವು ಬರೆದದ್ದರಲ್ಲಿ ಒಂದು ಮಾತು ನಾನು ಎರಡು ಸಲ ಓದಿದೆ. ಇಳಿಯುವಾಗ ಬರುತ್ತದೆ, ಹತ್ತುವಾಗ ಬರುವುದಿಲ್ಲ. ದಾರಿ ಅದೇ, ತಿರುವು ಅವೇ, ಕಾಲಮ್ಮೂ ಅದೇ. ಕಾಲಮ್ ಕೆಟ್ಟಿದ್ದರೆ ಅದಕ್ಕೆ ಹತ್ತುವುದೂ ಇಳಿಯುವುದೂ ಹೇಗೆ ಗೊತ್ತಾಗಬೇಕು? ಊರೊಳಗೆ ನಿಂತಲ್ಲೇ ತಿರುಗಿಸುವಾಗಲೂ ಅದು ತಕರಾರು ಮಾಡಬೇಕಿತ್ತು. ಮೋಟಾರಿಗೆ ಅತಿ ಹೆಚ್ಚು ಕೆಲಸ ಬೀಳುವುದೇ ಅಲ್ಲಿ.

ಹಾಗಾದರೆ ಇಳಿಯುವಾಗ ಬೇರೆ ಏನಿದೆ? ಹೇಳಿ ನೋಡೋಣ. ಹತ್ತುವಾಗ ಫಸ್ಟ್, ಸೆಕೆಂಡ್ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ. ಎಂಜಿನ್ ಬೆಲ್ಟಿನಿಂದ ತಿರುಗಿ ಕರೆಂಟ್ ಮಾಡುವ ಡೈನಮೋ (ಆಲ್ಟರ್ನೇಟರ್) ಚೆನ್ನಾಗಿ ಚಾರ್ಜ್ ಕೊಡುತ್ತದೆ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುತ್ತೀರಿ, ಬ್ರೇಕ್ ಒತ್ತಿರುತ್ತೀರಿ. ತಿರುವು ಹತ್ತಿರ ಬಂದಾಗ ಬಹಳ ಜನ ಕ್ಲಚ್ಚನ್ನೂ ಒತ್ತುತ್ತಾರೆ. ನೀವೂ ಒತ್ತುತ್ತೀರಾ? ಒತ್ತಿದ ತಕ್ಷಣ ಎಂಜಿನ್ ಐಡ್ಲಿಂಗಿಗೆ ಬೀಳುತ್ತದೆ. ಡೈನಮೋ ಅತಿ ಕಡಿಮೆ ಕೊಡುವುದೇ ಆಗ.

ಈಗ ಖರ್ಚಿನ ಕಡೆ ಬನ್ನಿ. ಕತ್ತಲು, ಹೆಡ್‌ಲೈಟ್ ಹಾಕಿದ್ದೀರಿ. ಎರಡು ಬಲ್ಬು, ತಲಾ 55 ವಾಟ್. ಅಲ್ಲಿಗೆ ಒಂಬತ್ತು ಆಂಪ್ಸ್ ಹೋಯಿತು. ಗಾಜಿಗೆ ಮಂಜು ಕೂರುತ್ತದೆ ಅಂತ ಬ್ಲೋವರ್ ಫುಲ್, ಅದಕ್ಕೆ ಹತ್ತು ಆಂಪ್ಸಿನ ಮೇಲೆ. ವೈಪರ್‌ಗೆ ನಾಲ್ಕೈದು. ಬ್ರೇಕ್ ಒತ್ತಿದರೆ ಹಿಂದೆ 21 ವಾಟಿನ ಎರಡು ಬಲ್ಬು. ಹಿಂದಿನ ಗಾಜಿನ ಡೀಫಾಗರ್ ಹಾಕಿದ್ದರೆ ಅದು ಬೇರೆ. ಎಂಜಿನ್ ತನಗೆ ತಾನೇ ಪೆಟ್ರೋಲ್ ಪಂಪಿಗೆ, ಇಗ್ನಿಷನ್ನಿಗೆ ಅಂತ ಒಂದಿಷ್ಟು ತೆಗೆದುಕೊಳ್ಳುತ್ತದೆ. ಇದೆಲ್ಲದರ ಮೇಲೆ ನೀವು ಹೇರ್‌ಪಿನ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸುತ್ತೀರಿ. ಆ ಒಂದೆರಡು ಸೆಕೆಂಡಿಗೆ ಮೋಟಾರ್ ಮೂವತ್ತು ನಲವತ್ತು ಆಂಪ್ಸ್ ಕೇಳುತ್ತದೆ. ಡೈನಮೋ ಗಟ್ಟಿ ಇದ್ದರೆ, ವೈರು ಚೊಕ್ಕ ಇದ್ದರೆ ಬ್ಯಾಟರಿ ಆ ಎರಡು ಸೆಕೆಂಡ್ ತಾಳಿಕೊಳ್ಳುತ್ತದೆ. ಹದಿನೈದು ವರ್ಷದ ಗಾಡಿಯಲ್ಲಿ ಎರಡೂ ಹಾಗಿರುವುದಿಲ್ಲ.

ವೋಲ್ಟೇಜ್ ತೀರಾ ಇಳಿದರೆ ಸ್ಟೀರಿಂಗಿನ ಕಂಟ್ರೋಲ್ ಬಾಕ್ಸ್ ಏನು ಮಾಡುತ್ತದೆ ಗೊತ್ತಾ? ಅರ್ಧಂಬರ್ಧ ಸಹಾಯ ಮಾಡುವುದಕ್ಕಿಂತ ಸುಮ್ಮನಿರುವುದು ವಾಸಿ ಅಂತ ಮೋಟಾರನ್ನು ಬಿಟ್ಟುಬಿಡುತ್ತದೆ, ಹಳದಿ ದೀಪ ಹಚ್ಚುತ್ತದೆ. ಬಹಳ ಗಾಡಿಗಳಲ್ಲಿ ಕೀ ಆಫ್ ಮಾಡಿ ಆನ್ ಮಾಡುವ ತನಕ ವಾಪಸ್ ಬರುವುದಿಲ್ಲ. ನಿಮಗೆ ಸೋಮೇಶ್ವರದಲ್ಲಿ ಆದದ್ದು ಅದೇ.

ಕಾಲಮ್ ಖಂಡಿತ ಸರಿ ಇದೆ ಅಂತ ಇಲ್ಲಿಂದ ಹೇಳಲಾರೆ. ಕಾಲಮ್ಮಿನೊಳಗೆ ಟಾರ್ಕ್ ಸೆನ್ಸರ್ ಇರುತ್ತದೆ. ನೀವು ತಿರುಗಿಸಿದಾಗ ಒಳಗಿನ ಸಣ್ಣ ಸರಳೊಂದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಎಷ್ಟು ತಿರುಚಿತು ಅಂತ ಸೆನ್ಸರ್ ಅಳೆದು ಬಾಕ್ಸಿಗೆ ಹೇಳುತ್ತದೆ. ಅದು ಕೆಟ್ಟರೆ ಲಕ್ಷಣ ಬೇರೆ. ಎಡಕ್ಕೆ ಹಗುರ, ಬಲಕ್ಕೆ ಭಾರ. ನೇರ ರಸ್ತೆಯಲ್ಲಿ ಸ್ಟೀರಿಂಗ್ ತಾನಾಗಿ ಒಂದು ಕಡೆ ಎಳೆಯುತ್ತದೆ, ಜುಮ್ ಜುಮ್ ಅಂತ ನಡುಗುತ್ತದೆ. ಹಾಗೇನಾದರೂ ಆಗಿದ್ದರೆ ಇವತ್ತೇ ಹೇಳಿ, ಗಾಡಿ ತೆಗೆಯಲೇಬೇಡಿ. ಬಿಗಿ ಸ್ಟೀರಿಂಗನ್ನು ಕೈಯಲ್ಲಿ ಗೆಲ್ಲಬಹುದು, ತಾನೇ ತಿರುಗುವ ಸ್ಟೀರಿಂಗನ್ನು ಗೆಲ್ಲುವುದು ಕಷ್ಟ.

ಆಗಿಲ್ಲ ಅಂದರೆ ಒಂದು ಮಲ್ಟಿಮೀಟರ್ ಹಿಡಿದುಕೊಂಡು ಇಷ್ಟು ನೋಡಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ಎಷ್ಟಿದೆ, ಸ್ಟಾರ್ಟ್ ಆಗಿ ಐಡ್ಲಿಂಗಿನಲ್ಲಿ ಎಷ್ಟು, ಲೈಟು ವೈಪರ್ ಬ್ಲೋವರ್ ಎಲ್ಲ ಹಾಕಿದಾಗ ಎಷ್ಟು, ಹಾಗೇ ಇಟ್ಟುಕೊಂಡು ಒಬ್ಬರು ಸ್ಟೀರಿಂಗ್ ತಿರುಗಿಸಿದಾಗ ಎಷ್ಟು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬದ ಮೇಲೆ, ಇನ್ನೊಂದು ಗಾಡಿ ಬಾಡಿಯ ಬರಿ ಲೋಹದ ಮೇಲೆ ಇಟ್ಟು ಮತ್ತೆ ತಿರುಗಿಸಿ. ಅದು 0.2 ವೋಲ್ಟಿನ ಒಳಗಿರಬೇಕು. ಜಾಸ್ತಿ ತೋರಿಸಿದರೆ ಅರ್ತ್, ಅಂದರೆ ಕರೆಂಟ್ ಬಾಡಿಯಿಂದ ಬ್ಯಾಟರಿಗೆ ವಾಪಸ್ ಬರುವ ದಾರಿ, ಸರಿ ಇಲ್ಲ.

ದೀಪ ಹತ್ತಿದಾಗ ಬಾಕ್ಸ್ ತನ್ನೊಳಗೆ ಬರೆದಿಟ್ಟುಕೊಳ್ಳುವ ದೋಷದ ನಂಬರ್, ಅಂದರೆ ಕೋಡ್ ಅನ್ನು ಮಾತ್ರ ಯಾರಿಗೂ ಅಳಿಸಲು ಬಿಡಬೇಡಿ. ಮೊದಲು ಓದಿಸಿ. ಮೊಬೈಲಿಗೆ ಹಾಕುವ ಅಗ್ಗದ ಸ್ಕ್ಯಾನರ್ ಎಂಜಿನ್ ಕೋಡ್ ಮಾತ್ರ ಓದುತ್ತದೆ. ಸ್ಟೀರಿಂಗ್ ಬಾಕ್ಸಿಗೆ ಬೇರೆ ಸ್ಕ್ಯಾನರ್ ಬೇಕು. ಸರ್ವಿಸ್ ಸೆಂಟರಿನವರು ಕೋಡ್ ನಂಬರ್ ಕೊಟ್ಟರಾ, ಸುಮ್ನೆ ಬಾಯಲ್ಲಿ ಹೇಳಿದರಾ?

ಕುಂದಾಪುರ

ಎಂತ ಮಾರಾಯ್ರೆ, ಇಷ್ಟೆಲ್ಲ ಯಾಕೆ. ಸ್ಟೀರಿಂಗ್ ಫ್ಯೂಸ್ ತೆಗೆದಿಟ್ಟು ಓಡಿಸಿ. ನನ್ನ ಭಾವ ವರ್ಷಗಟ್ಟಲೆ ಹಾಗೇ ಓಡಿಸಿದ್ದಾನೆ. ಸಣ್ಣ ಕಾರು, ಓಡುತ್ತಿರುವಾಗ ಏನೂ ಭಾರ ಅನ್ನಿಸುವುದಿಲ್ಲ. ಪಾರ್ಕ್ ಮಾಡುವಾಗ ಸ್ವಲ್ಪ ವ್ಯಾಯಾಮ ಆಗ್ತದೆ.

ಹುಬ್ಬಳ್ಳಿ ವೈರಿಂಗ್

ತಮ್ಮಾ, ನಿನ್ನ ಭಾವ ಕುಂದಾಪುರದ ಸಪಾಟು ರಸ್ತೆಯಲ್ಲಿ ಓಡಿಸಿರಬೇಕು. ಆಗುಂಬೆ ಹೇರ್‌ಪಿನ್‌ನಲ್ಲಿ ಹತ್ತು ಹದಿನೈದರ ಸ್ಪೀಡಿನಲ್ಲಿ ಮೋಟಾರ್ ಇಲ್ಲದ ಸ್ಟೀರಿಂಗ್ ತಿರುಗಿಸಿ ನೋಡು. ಸ್ಪೀಡ್ ಕಡಿಮೆ ಆದಷ್ಟೂ ಭಾರ ಜಾಸ್ತಿ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಬಂದು ಹೋಗುವ ಪವರ್ ಸ್ಟೀರಿಂಗಿಗಿಂತ ಯಾವಾಗಲೂ ಬಿಗಿ ಇರುವ ಸ್ಟೀರಿಂಗ್ ಕಡಿಮೆ ಅಪಾಯ. ಕೈಗೆ ಮೊದಲೇ ಗೊತ್ತಿರುತ್ತದೆ. ಗ್ಯಾರೇಜಿನ ತನಕ ಹೋಗಲು ಫ್ಯೂಸ್ ತೆಗೆದರೆ ಅಡ್ಡಿಯಿಲ್ಲ, ಅದೂ ಗಾಡಿ ನಿಲ್ಲಿಸಿ, ಕೀ ತೆಗೆದ ಮೇಲೆ. ಅದನ್ನೇ ರಿಪೇರಿ ಅನ್ನಬೇಡ.

ಅಕ್ಕಾರ, ನಿಮಗೂ ಒಂದು ಮಾತು. ದೀಪ ಹತ್ತಿದರೆ "ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ" ಅಂತ ಗೊತ್ತಾಗಿಬಿಟ್ಟಿದೆಯಲ್ಲ, ಅದೇ ನನಗೆ ಭಯ. ಗಾಡಿ ಉರುಳುತ್ತಿರುವಾಗ ಕೀಗೆ ಕೈ ಹಾಕಲೇಬೇಡಿ. ಎಂಜಿನ್ ಆರಿದರೆ ಬ್ರೇಕಿನ ಬೂಸ್ಟರ್‌ನಲ್ಲಿ ಉಳಿದ ಶಕ್ತಿ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಆಮೇಲೆ ಬ್ರೇಕ್ ಕಲ್ಲಾಗುತ್ತದೆ. ಕೀ ಹೊರಗೆ ಬಂದರೆ ಸ್ಟೀರಿಂಗೇ ಲಾಕ್ ಆಗಬಹುದು. ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ಎಂಜಿನ್ ಆಫ್ ಮಾಡಿ ಇಳಿಸುವವರಿಗೂ ಇದೇ ಮಾತು. ಬಿಗಿ ಆದರೂ ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧ ಹಾಗೇ ಇರುತ್ತದೆ. ಎರಡೂ ಕೈ ಹಾಕಿ ಎಳೆದರೆ ತಿರುಗುತ್ತದೆ. ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ಕೀ.

ಮಿಷಿಗನ್ ಕನ್ನಡಿಗ

ಇಲ್ಲಿ ಕಾರಿನ ಬಿಡಿಭಾಗದ ಕ್ಷೇತ್ರದಲ್ಲೇ ಕೆಲಸ ಮಾಡುವವನು ನಾನು, ಊರು ಅರಸೀಕೆರೆ. ಟೀಚರ್ ಅವರೇ, ನಿಮ್ಮ ಅನುಭವ ಹೊಸದಲ್ಲ. 2014ರ ಮಾರ್ಚ್ 31ರಂದು ಜನರಲ್ ಮೋಟಾರ್ಸ್ ಅಮೆರಿಕದಲ್ಲಿ 13 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಕಾರಣ ಇದೇ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇದ್ದಕ್ಕಿದ್ದಂತೆ ಬಿಟ್ಟುಹೋಗುವುದು. ಗಾಡಿಗೆ ಬೇಕಾದ ಹಾಗೆ ಮೋಟಾರೋ, ಕಾಲಮ್ಮೋ, ಕಂಟ್ರೋಲ್ ಯೂನಿಟ್ಟೋ ಉಚಿತವಾಗಿ ಬದಲಿಸಿಕೊಟ್ಟರು. ಅದಕ್ಕೂ ಮೊದಲು 2010ರಲ್ಲಿ ಅದೇ ಕಂಪನಿಯ ಕೋಬಾಲ್ಟ್ ಮುಂತಾದ ಕಾರುಗಳಿಗೆ ಇಂಥದೇ ರೀಕಾಲ್ ಆಗಿತ್ತು. ಗಂಟೆಗೆ 15 ಮೈಲಿಗಿಂತ, ಅಂದರೆ ಸುಮಾರು 24 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ತಿರುಗಿಸುವುದು ಕಷ್ಟವಾಗುತ್ತದೆ ಅಂತ ಆಗಲೇ ಹೇಳಿದ್ದರು. ಹೇರ್‌ಪಿನ್ ತಿರುವಿನ ವೇಗ ಅದೇ ಅಲ್ವಾ?

ಭಾರತದಲ್ಲೂ ಈಗ ಕಾನೂನಿದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 110ಎ ಅಂತ ಕಲಂ ಬಂತು, ನಿಯಮ ಜಾರಿಯಾದದ್ದು 2021ರ ಏಪ್ರಿಲ್ 1ರಿಂದ. ಆದರೆ ಅದು ಏಳು ವರ್ಷದೊಳಗಿನ ಗಾಡಿಗಳಿಗೆ. ನಿಮ್ಮ ಕಾರು ಅದನ್ನು ದಾಟಿ ಬಹಳ ಕಾಲ ಆಯಿತು. ಆದರೂ ಚಾಸಿಸ್ ನಂಬರ್ ಕೊಟ್ಟು, ಈ ಗಾಡಿಗೆ ಹಿಂದೆ ಯಾವುದಾದರೂ ರೀಕಾಲ್ ಬಾಕಿ ಇದೆಯಾ ಅಂತ ಕಂಪನಿಯ ಸೈಟಿನಲ್ಲಿ ನೋಡಿ. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಗುಜರಿ ಕಾಲಮ್ ಬಗ್ಗೆ ಕೇಳಿದ್ದೀರಿ. ಬೆಂಗಳೂರಿನ ಶಿವಾಜಿನಗರದಲ್ಲಿ ಸಿಗಬಹುದು, ದುಡ್ಡೂ ಕಡಿಮೆ. ಆದರೆ ಆಕ್ಸಿಡೆಂಟ್ ಆದ ಗಾಡಿಯಿಂದ ಬಿಚ್ಚಿದ್ದಾ, ನೀರಲ್ಲಿ ಮುಳುಗಿದ್ದಾ ಅಂತ ನೋಡಿ ಹೇಳಲಾಗುವುದಿಲ್ಲ. ಅಪಘಾತದಲ್ಲಿ ಡ್ರೈವರ್ ಎದೆಗೆ ಹೊಡೆಯದಂತೆ ಕುಸಿಯುವ ಭಾಗವೂ ಕಾಲಮ್ಮಿನಲ್ಲೇ ಇರುತ್ತದೆ. ಒಮ್ಮೆ ಕುಸಿದದ್ದನ್ನು ಎಳೆದು ನೆಟ್ಟಗೆ ಮಾಡಿ ಮಾರಿದರೆ ನಿಮಗೆ ತಿಳಿಯುವುದಿಲ್ಲ. ಜೊತೆಗೆ ಹಾಕಿದ ಮೇಲೆ ಟಾರ್ಕ್ ಸೆನ್ಸರಿನ ಸೊನ್ನೆ ಯಾವುದು ಅಂತ ಸ್ಕ್ಯಾನರಿನಲ್ಲಿ ಕಲಿಸಬೇಕಾಗುತ್ತದೆ, ಇಲ್ಲದಿದ್ದರೆ ಒಂದು ಕಡೆ ಎಳೆಯುತ್ತದೆ. ಬೇರೇನೂ ದಾರಿ ಇಲ್ಲದಾಗ ನೋಡಬಹುದು, ಮೊದಲೇ ಬೇಡ.

ತೀರ್ಥಹಳ್ಳಿ ಟೀಚರ್

ಹುಬ್ಬಳ್ಳಿ ಅಣ್ಣ, ನೀವು ಹೇಳಿದ್ದೆಲ್ಲ ಮಾಡಿದೆವು. ಪಕ್ಕದ ಮನೆಯ ಹುಡುಗ ಐಟಿಐ ಓದುತ್ತಿದ್ದಾನೆ, ಮೀಟರ್ ಅವನದ್ದು. ಸ್ಟೀರಿಂಗ್ ತಿರುಗಿಸಿದ್ದು ಮಾವ, ಬೇರೆಯವರಿಗೆ ಬಿಡಲಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು 12.5. ಸ್ಟಾರ್ಟ್ ಆದ ಮೇಲೆ, ಏನೂ ಹಾಕದೆ 13.6. ಲೈಟು, ವೈಪರ್, ಬ್ಲೋವರ್ ಹಾಕಿದಾಗ 12.3. ಅದರ ಮೇಲೆ ಸ್ಟೀರಿಂಗ್ ತಿರುಗಿಸಿದಾಗ 11.2ಕ್ಕೆ ಹೋಯಿತು! ಗೋಡೆ ಮೇಲಿದ್ದ ಹೆಡ್‌ಲೈಟ್ ಬೆಳಕು ಕೆಂಪಗಾಯಿತು, ನಾವೆಲ್ಲ ನೋಡಿದೆವು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ 13ಕ್ಕೆ ಏರುತ್ತದೆ. ಮೈನಸ್ ಕಂಬದಿಂದ ಬಾಡಿಗೆ, ತಿರುಗಿಸುವಾಗ 0.6 ತೋರಿಸಿತು.

ಹೌದು, ಇಳಿಯುವಾಗ ತಿರುವಿನಲ್ಲಿ ಕ್ಲಚ್ ಒತ್ತುತ್ತೇನೆ. ಡ್ರೈವಿಂಗ್ ಸ್ಕೂಲಿನಲ್ಲಿ ಹಾಗೇ ಕಲಿಸಿದ್ದು. ಒಂದು ಕಡೆಗೆ ಎಳೆಯುವುದು, ನಡುಗುವುದು ಯಾವತ್ತೂ ಆಗಿಲ್ಲ. ಎರಡೂ ಕಡೆ ಒಂದೇ ಬಿಗಿ. ಸರ್ವಿಸ್ ಸೆಂಟರಿನಲ್ಲಿ ಕೋಡ್ ನಂಬರ್ ಏನೂ ಬರೆದುಕೊಟ್ಟಿಲ್ಲ. ಎಸ್ಟಿಮೇಟ್ ಚೀಟಿಯಲ್ಲಿ "ಸ್ಟೀರಿಂಗ್ ಹಾರ್ಡ್" ಅಂತ ಮಾತ್ರ ಇದೆ. ಅದನ್ನು ನಾನೇ ಹೇಳಿದ್ದಲ್ಲವಾ!

ಹುಬ್ಬಳ್ಳಿ ವೈರಿಂಗ್

ಚೊಲೋ ಆತು ಅಕ್ಕಾರ, ಹುಡುಗ ಚೆನ್ನಾಗಿ ಅಳೆದಿದ್ದಾನೆ. ಎರಡು ಕಡೆ ಸೋರಿಕೆ ಇದೆ.

ಒಂದು, ಡೈನಮೋ. ಎಲ್ಲ ಹಾಕಿದರೂ ಐಡ್ಲಿಂಗಿನಲ್ಲಿ 13ರ ಆಸುಪಾಸು ನಿಲ್ಲಬೇಕಿತ್ತು. ನಿಮ್ಮದು ಬ್ಯಾಟರಿಯ ಸ್ವಂತ ವೋಲ್ಟೇಜಿಗಿಂತ ಕೆಳಗೆ ಬಂದಿದೆ. ಅಂದರೆ ಆ ಹೊತ್ತಿಗೆ ಡೈನಮೋ ಸಾಲುತ್ತಿಲ್ಲ, ಬ್ಯಾಟರಿ ತನ್ನ ಗಂಟು ಕರಗಿಸುತ್ತಿದೆ. ಹೊಸ ಬ್ಯಾಟರಿ ಹಾಕಿದ್ದರಿಂದಲೇ ಇಷ್ಟು ದಿನ ಮುಚ್ಚಿಹೋಗಿತ್ತು. ಬಿಚ್ಚಿಸಿ, ಒಳಗಿನ ಕಾರ್ಬನ್ ಬ್ರಷ್ ಎಷ್ಟು ಉಳಿದಿದೆ ನೋಡಿಸಿ. ಬೆಲ್ಟಿನ ಒಳಮೈಯನ್ನೂ ನೋಡಿಸಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಮಳೆಯಲ್ಲಿ ಜಾರುವುದು ಅದೇ.

ಎರಡು, ಅರ್ತ್. ಮೈನಸ್ ಕಂಬದಿಂದ ಬಾಡಿಗೆ, ಗೇರ್‌ಬಾಕ್ಸಿಗೆ ಹೋಗುವ ವೈರುಗಳ ಬೋಲ್ಟ್ ಬಿಚ್ಚಿ. ಮಲೆನಾಡಿನ ಗಾಡಿ, ಅಡಿಯಲ್ಲಿ ಹಸಿರು ಹಿಡಿದಿರುತ್ತದೆ. ವೈರಿನ ತುದಿಯ ಲೋಹದ ಬಳೆಯನ್ನೂ (ಲಗ್), ಬಾಡಿಯ ಆ ಜಾಗವನ್ನೂ ಎಮೆರಿ ಪೇಪರಿನಲ್ಲಿ ಹೊಳೆಯುವ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಣ್ಣದ ಮೇಲೇ ಬೋಲ್ಟ್ ಕೂರಿಸಿದರೆ ಪ್ರಯೋಜನ ಇಲ್ಲ. ಸ್ಟೀರಿಂಗ್ ಬಾಕ್ಸಿನ ದಪ್ಪ ವೈರಿನ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿ, ಪಿನ್ನು ಸುಟ್ಟು ಕಪ್ಪಾಗಿದೆಯಾ ನೋಡಿಸಿ. ಬ್ಯಾಟರಿ ಹತ್ತಿರದ ದೊಡ್ಡ ಫ್ಯೂಸಿನ ಕಾಲುಗಳನ್ನೂ.

ಇದೆಲ್ಲ ಆದ ಮೇಲೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ ಕೋಡ್ ಓದಿಸಿ. ನಂಬರ್ ಬರೆದುಕೊಳ್ಳಿ. ಆಮೇಲೆ ಅಳಿಸಿ.

ತಿರುವಿನಲ್ಲಿ ಕ್ಲಚ್ ಒತ್ತುವುದನ್ನು ಬಿಡಿ. ತಿರುವಿಗೆ ಮೊದಲೇ ಸೆಕೆಂಡಿಗೆ ಹಾಕಿ, ಗೇರಿನಲ್ಲೇ ಇಳಿಸಿ. ಎಂಜಿನ್ನೇ ಗಾಡಿ ಹಿಡಿಯುತ್ತದೆ, ಬ್ರೇಕೂ ಕಾಯುವುದಿಲ್ಲ, ಡೈನಮೋನೂ ತಿರುಗುತ್ತಿರುತ್ತದೆ.

ಮಿಷಿಗನ್ ಕನ್ನಡಿಗ

0.6 ವೋಲ್ಟ್ ಅಂದರೆ ಚಿಲ್ಲರೆ ಅನ್ನಿಸಬಹುದು. ಬ್ಯಾಟರಿಯಲ್ಲಿ 11.2 ಇದ್ದಾಗ ಸ್ಟೀರಿಂಗ್ ಬಾಕ್ಸಿಗೆ ತಲುಪುವುದು 10.6. ಪ್ಲಸ್ ಕಡೆಯಲ್ಲೂ ಸ್ವಲ್ಪ ಹೋಗುತ್ತದೆ. ಬಾಕ್ಸಿನ ಲೆಕ್ಕದಲ್ಲಿ ಬ್ಯಾಟರಿ ಹೆಚ್ಚುಕಡಿಮೆ ಸತ್ತ ಹಾಗೆ. ಅದು ಕೈಬಿಟ್ಟದ್ದರಲ್ಲಿ ತಪ್ಪೇನಿಲ್ಲ.

ದಾವಣಗೆರೆ ಡೀಸೆಲ್

ಮಧ್ಯೆ ಒಂದು ಮಾತು. ದೀಪ ಹತ್ತದೆ ಬರೀ ಬಿಗಿ ಇದ್ದು ಈ ಥ್ರೆಡ್ ಓದುತ್ತಿರುವವರು ಮೊದಲು ಟೈರಿನ ಗಾಳಿ ನೋಡಿ. ಆಮೇಲೆ ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು ತಿರುಗಿಸಿ. ಒಂದು ಜಾಗದಲ್ಲಿ ಸಿಕ್ಕಿಕೊಂಡು ಇನ್ನೊಂದು ಜಾಗದಲ್ಲಿ ಹಗುರ ಆದರೆ ಸ್ಟೀರಿಂಗ್ ರಾಡಿನ ಕೆಳಗಿನ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿದೆ. ನನ್ನ ತಂಗಿ ಕಾರಿಗೆ ಅದೇ ಆಗಿತ್ತು. ಪವರ್ ಸ್ಟೀರಿಂಗಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ತೀರ್ಥಹಳ್ಳಿ ಟೀಚರ್

ಕೆಲಸ ಆಯಿತು, ಬಂದು ಹೇಳುತ್ತಿದ್ದೇನೆ.

ಶಿವಮೊಗ್ಗದಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ನಿಮ್ಮ ಉತ್ತರ ಮೊಬೈಲಿನಲ್ಲಿ ತೋರಿಸಿದೆ. ಓದಿ ನಕ್ಕು, "ಇದನ್ನು ಬರೆದವರು ಕೆಲಸ ಬಲ್ಲವರು" ಅಂತ ಹೇಳಿ ನನ್ನೆದುರೇ ಬಿಚ್ಚಿದರು. ಡೈನಮೋದ ಬ್ರಷ್ ಎರಡೂ ಸವೆದು ಅಕ್ಕಿ ಕಾಳಿನಷ್ಟು ಉಳಿದಿದ್ದವು. ಸುತ್ತ ಕರಿ ಪುಡಿ. ಬೆಲ್ಟಿನ ಒಳಗಡೆ ಅಡ್ಡಡ್ಡ ಬಿರುಕು. ಬ್ಯಾಟರಿ ತಟ್ಟೆ ಎತ್ತಿದರೆ ಅಡಿಯಲ್ಲಿ ಅರ್ತ್ ವೈರಿನ ತುದಿ ಪೂರ್ತಿ ಹಸಿರು. ಬೋಲ್ಟ್ ಬಿಚ್ಚುವಾಗ ಲಗ್ಗೇ ಕೈಗೆ ಬಂತು, ಎಳೆಗಳು ಅರ್ಧಕ್ಕರ್ಧ ತುಂಡಾಗಿದ್ದವು. ಹೊಸ ವೈರು, ಬ್ರಷ್, ಬೆಲ್ಟ್, ಬೇರಿಂಗ್ ಎಲ್ಲ ಹಾಕಿ ಕೂಲಿ ಸೇರಿ ಮೂರು ಸಾವಿರದ ಒಳಗೇ ಮುಗಿಯಿತು.

ಈಗ ಎಲ್ಲ ಹಾಕಿ ಐಡ್ಲಿಂಗಿನಲ್ಲಿ 13.3, ತಿರುಗಿಸಿದಾಗ 12.7. ಮೈನಸ್ ಕಂಬದಿಂದ ಗಾಡಿ ಬಾಡಿಗೆ 0.1. ಮತ್ತೆ ಮಣಿಪಾಲಕ್ಕೆ ಹೋಗಿ ಬಂದೆವು, ಅದೇ ಕತ್ತಲು, ಅದೇ ಮಳೆ. ಸೆಕೆಂಡ್ ಗೇರಿನಲ್ಲೇ ಇಳಿಸಿದೆ. ದೀಪ ಹತ್ತಲಿಲ್ಲ. ಮಾವ ಮಾತ್ರ "ನಮ್ಮ ಕಾಲದ ಜೀಪಿನಲ್ಲಿ ಪವರ್ರೂ ಇರಲಿಲ್ಲ, ಗಿವರ್ರೂ ಇರಲಿಲ್ಲ" ಅಂತ ಶುರು ಮಾಡಿದ್ದಾರೆ. 34,000 ಉಳಿಯಿತು ಅಂತ ಖುಷಿ ಅವರಿಗೇ ಜಾಸ್ತಿ.

ಒಂದು ಅನುಮಾನ ಉಳಿದಿದೆ. ಅಲ್ಲೇ ಸ್ಕ್ಯಾನ್ ಮಾಡಿಸಿದಾಗ ಎರಡು ಕೋಡ್ ಇದ್ದವು. ಒಂದು ವೋಲ್ಟೇಜ್ ಕಡಿಮೆ ಅಂತ, ಅದು ಸರಿ. ಇನ್ನೊಂದು ಟಾರ್ಕ್ ಸೆನ್ಸರಿನದ್ದು. ಎರಡೂ ಹಳೆಯವು, ಈಗಿನದ್ದಲ್ಲ ಅಂತ ತೋರಿಸಿತು. ಫೋಟೊ ಇಟ್ಟುಕೊಂಡು ಅಳಿಸಿದ್ದೇವೆ. ಸೆನ್ಸರ್ ಕೋಡಿಗೆ ಹೆದರಬೇಕಾ?

ಹುಬ್ಬಳ್ಳಿ ವೈರಿಂಗ್

ಸದ್ಯಕ್ಕೆ ಬೇಡ. ಸೆನ್ಸರಿಗೆ ಕರೆಂಟ್ ಹೋಗುವುದು ಅದೇ ಬಾಕ್ಸಿನಿಂದ. ಬಾಕ್ಸಿಗೇ ವೋಲ್ಟೇಜ್ ಇಲ್ಲದಾಗ ಸೆನ್ಸರ್ ತಪ್ಪು ಲೆಕ್ಕ ಕೊಟ್ಟು ಆ ಕೋಡೂ ಕೂತಿರಬಹುದು. ಮಳೆಗಾಲ ಮುಗಿಯುವ ತನಕ ಓಡಿಸಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ವೋಲ್ಟೇಜ್ ಕೋಡ್ ಇಲ್ಲದೆ ಸೆನ್ಸರ್ ಕೋಡ್ ಒಂದೇ ವಾಪಸ್ ಬಂದರೆ ಆಗ ಕಾಲಮ್ ಬಗ್ಗೆ ಮಾತಾಡೋಣ. ಅದಕ್ಕೆ ಮೊದಲೂ ಸೆನ್ಸರಿನ ಸಣ್ಣ ಕಪ್ಲರ್ ಬಿಚ್ಚಿ ಸ್ವಚ್ಛ ಮಾಡಿಸಬೇಕು. ಫೋಟೊ ಇಲ್ಲೇ ಹಾಕಿ, ನಂಬರ್ ನೋಡಿ ಹೇಳುತ್ತೇನೆ.

ತೀರ್ಥಹಳ್ಳಿ ಟೀಚರ್

ಆಯಿತು ಅಣ್ಣ, ಹಾಕುತ್ತೇನೆ. ಪಕ್ಕದ ಮನೆ ಹುಡುಗ ಈಗ ಬೀದಿಯ ಎಲ್ಲರ ಕಾರಿಗೂ ಮೀಟರ್ ಹಿಡಿಯುತ್ತಿದ್ದಾನೆ. ಎದುರು ಮನೆಯವರದ್ದು 0.4 ಬಂದಿದೆಯಂತೆ, ಅವರಿಗೆ ಏನು ಹೇಳಲಿ?

ಹುಬ್ಬಳ್ಳಿ ವೈರಿಂಗ್

ಎಮೆರಿ ಪೇಪರ್ ತರಲು ಹೇಳಿ.